ಆಣೆಯಿಟ್ಟ ಬೆಳ್ಳಿ ನಾಣ್ಯ

“ಅದನ್ನ ಕೈಯಾಗೆ ಈಸ್ಕೋಬೇಡ ಕಣಮ್ಮಾ,” ಎಂದಳು ಪಾಪಕ್ಕ, ಕಸಬರಿಗೆಯನ್ನು ಗೋಡೆಗೆ ಒರಗಿಸಿ. “ಅದು ಟೇಬಲ್ ಮ್ಯಾಲೆ ಬಂದ ದಿನದಿಂದ ಸಾಹೇಬ್ರ ದನಿ ಹೋಗ್ಬಿಟ್ಟದೆ.”

ಹೊಸಕೋಟೆಯ ವಕೀಲ ಉಮಾಶಂಕರರ ಕಚೇರಿಗೆ ಭಾನುಪ್ರಿಯಾ ಜೂನಿಯರ್ ಆಗಿ ಸೇರಿ ಹದಿನೈದು ದಿನವಾಗಿತ್ತಷ್ಟೆ. ಕಸ ಗುಡಿಸುವ ಹೆಂಗಸಿನ ಭಯ ಕಂಡು ಅವಳಿಗೆ ನಗು ಬಂತು. ಹಳೆಯ ದಂಡಸಂಹಿತೆಗೆ ನೂರೈವತ್ತು ವರ್ಷ ತುಂಬಿದ ನೆನಪಿಗೆ ವಕೀಲರು ಹಂಚಿಕೊಂಡಿದ್ದ ಬೆಳ್ಳಿ ನಾಣ್ಯ ಅದು. ಒಂದು ಮಗ್ಗುಲಲ್ಲಿ ತಕ್ಕಡಿ, ಇನ್ನೊಂದರಲ್ಲಿ ತೆರೆದ ಪುಸ್ತಕ.

“ಆ ಕಾಯ್ದೇನೇ ಹೋಯ್ತು ಪಾಪಕ್ಕ. ಇನ್ನು ನಾಣ್ಯ ಏನ್ ಮಾಡತ್ತೆ?”

ಮಧ್ಯಾಹ್ನ ಉಮಾಶಂಕರ್ ಅವಳನ್ನು ಒಳಗೆ ಕರೆಸಿದರು. ಮೂರು ತಿಂಗಳಿಂದ ಅವರದು ಚೀಟಿಯಲ್ಲೇ ಮಾತು. ‘ನನ್ನ ಜೂನಿಯರ್‌ಗಳಲ್ಲಿ ನೀನೇ ಯೋಗ್ಯಳು. ಇದು ಇನ್ನು ನಿನ್ನದು. ಮನಸಾರೆ ತಗೋ’ ಎಂದು ಬರೆದು ನಾಣ್ಯ ನೀಡಿದರು. ಸೋಂಪುರದ ಕಾರ್ಖಾನೆಯಲ್ಲಿ ದುಡಿದು ಓದಿಸಿದ ಅಪ್ಪನ ನೆನಪಾಗಿ ಅವಳ ಕಣ್ಣು ತುಂಬಿತು. ಎರಡೂ ಕೈ ಚಾಚಿದಳು.

ನಾಣ್ಯ ಜೀವವಿರುವಂತೆ ಬೆಚ್ಚಗಿತ್ತು. ಸುಟ್ಟ ಕೂದಲಿನ, ಕೊಳೆತ ನಿಂಬೆಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು.

“ಸಂತೋಷ ಕಣಮ್ಮ,” ಎಂದರು ಉಮಾಶಂಕರ್. ಬಾಯಿಂದ. ಗಟ್ಟಿಯಾಗಿ.

ಸಾರ್, ಎನ್ನಹೋದಳು ಭಾನುಪ್ರಿಯಾ. ದನಿ ಬರಲಿಲ್ಲ. ನಾಲಿಗೆ ಕಲ್ಲಾಗಿತ್ತು. ನಾಣ್ಯವನ್ನು ನೆಲಕ್ಕೆಸೆದು ಓಡಿದಳು. ಬೀದಿಗೆ ಬಂದು ನೋಡಿದರೆ ಮುಷ್ಟಿಯಲ್ಲಿತ್ತು. ಚರಂಡಿಗೆಸೆದಳು. ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಬಾಯೊಳಗೆ ಏನೋ ತಣ್ಣಗೆ ಹೊರಳಿತು. ಉಗಿದಳು. ಅಂಗೈ ಮೇಲೆ ತಕ್ಕಡಿ ಮಿನುಗಿತು.

ಹಿಂದೆಯೇ ಓಡಿಬಂದ ಪಾಪಕ್ಕ ಅವಳನ್ನು ನಂದಗುಡಿಯ ಬಸ್ಸು ಹತ್ತಿಸಿದಳು. “ಅಲ್ಲಿ ಹೊಲದ ಕೇಸಿನ ಕದಿರಮ್ಮನ್ನ ಕೇಳು. ಅದನ್ನ ತಂದಿಟ್ಟೋಳು ಅವಳೇಯ.”

ಎಪ್ಪತ್ತು ದಾಟಿದ ಕದಿರಮ್ಮ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾಣ್ಯ ಕಂಡಿದ್ದೇ ಮುಖ ಬಿಳಿಚಿಕೊಂಡಿತು.

“ಅಯ್ಯೋ ಮಗಾ, ಆ ವಕೀಲ ನಿಂಗೆ ದಾಟಿಸ್ಬಿಟ್ನಾ? ಇದರ ಮ್ಯಾಲೆ ಆಣೆ ಇಟ್ಟು, ನಿನ್ನ ಹೊಲ ಉಳಿಸ್ತೀನಿ ಅಂತ ನನ್ನ ಕೈಗೆ ಕೊಟ್ಟಿದ್ದ. ಆಮ್ಯಾಕೆ ಹೆಬ್ಬೆಟ್ಟು ಒತ್ತಿಸ್ಕೊಂಡು ಹೊಲಾನೇ ಮಾರ್ಕೊಂಡ. ಸುಳ್ಳಾಡಿದ ನಾಲ್ಗೆ ಬಿದ್ದೋಗ್ಲಿ ಅಂತ ಮಾಟ ಮಾಡ್ಸಿ ವಾಪಸ್ ಇಟ್ಟೆ. ಮನಸಾರೆ ಈಸ್ಕೊಂಡೋರಿಗೆ ದಾಟ್ತದೆ ಇದು.”

ಭಾನುಪ್ರಿಯಾ ಜಗಲಿಯ ಮೇಲೆ ಕುಸಿದಳು. ಉಸಿರು ಸಿಕ್ಕಿಕೊಂಡಿತು. ಕಣ್ಣು ಕತ್ತಲಿಟ್ಟಿತು.

“ಕೊಡಿಲ್ಲಿ,” ಎಂದು ಕದಿರಮ್ಮ ಅಂಗೈ ಒಡ್ಡಿದಳು. “ನಾ ಮಾಡ್ಸಿದ್ದು ನಂಗೇ ಇರ್ಲಿ.”

ಬೇಡವೆಂದು ತಲೆಯಾಡಿಸಿದಳು ಹುಡುಗಿ. ಆದರೆ ಬೆರಳುಗಳು ಬಿಚ್ಚಿಕೊಂಡವು. ಬಿಚ್ಚಿದ್ದು ತಾನೇ ಎಂದು ಅವಳಿಗೆ ಗೊತ್ತಿತ್ತು.

“ಅಜ್ಜೀ!”

ದನಿ ಮರಳಿತ್ತು. ಕದಿರಮ್ಮನ ತುಟಿ ಮಾತ್ರ ಅಲುಗುತ್ತಿತ್ತು.

ಸೋಮವಾರ ಹೊಲದ ಮೊಕದ್ದಮೆ. ಉಮಾಶಂಕರರ ವಿರುದ್ಧ ಕದಿರಮ್ಮ ಸಾಕ್ಷಿ ಹೇಳಬೇಕಿದ್ದ ದಿನ. ಕಟಕಟೆಯಲ್ಲಿ ನಿಂತವಳು ಬಾಯಿ ತೆರೆದಳು, ಮುಚ್ಚಿದಳು. ಅವಳಿಗೆ ಅಕ್ಷರ ಬಾರದು. ಅವಳ ಸನ್ನೆ ಯಾರಿಗೂ ತಿಳಿಯಲಿಲ್ಲ. ಭಾನುಪ್ರಿಯಾ ಎದ್ದು ಮಾಟ, ನಾಣ್ಯ, ಆಣೆ ಎಂದು ತೊದಲಿದಳು. ವಕೀಲರೆಲ್ಲ ನಕ್ಕರು. ಕೂರುವಂತೆ ನ್ಯಾಯಾಧೀಶರು ಗದರಿದರು.

ಹೊರಗೆ ಪಡಸಾಲೆಯಲ್ಲಿ ಉಮಾಶಂಕರ್ ಅವಳ ಪಕ್ಕ ನಿಂತು ಮೆಲ್ಲಗೆ ಹೇಳಿದರು:

“ಇವತ್ತಿಗೆ ಮುಂಚೆ ನೀನು ನಂದಗುಡಿಗೆ ಹೋಗ್ಲೇಬೇಕಿತ್ತು ಕಣಮ್ಮ. ಮುದುಕಿ ಕರುಳು ಮೆತ್ತಗೆ, ನಿನ್ನಿಂದ ಈಸ್ಕೋತಾಳೆ ಅಂತ ನಂಗೆ ಗೊತ್ತಿತ್ತು.”

ಅವಳು ಅವರಿಂದ ದೂರ ಸರಿದಳು. ಅಷ್ಟರಲ್ಲಿ ಕದಿರಮ್ಮ ಮೆಟ್ಟಿಲಿಳಿಯಲಾರದೆ ಎಡವಿದಳು. ಭಾನುಪ್ರಿಯಾ ಓಡಿಹೋಗಿ ಕೈ ಚಾಚಿದಳು.

ಮುದುಕಿ ಬೆಚ್ಚಿ, ಬಿಗಿದ ಮುಷ್ಟಿಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು, ಇನ್ನೊಂದು ಕೈ ಕೊಟ್ಟಳು.