ಹೆಚ್ಚಿಗೆ ಕೊಟ್ಟ ಒಂದು ನಿಮಿಷ

"ಐದು ನಿಮಿಷ ಅಂತ ಹೇಳಿ ಆರು ಕೊಡ್ತಿದ್ರಾ ಸರ್? ಮೂರು ತಿಂಗಳೂ?"

ಅವಳು ಚಪ್ಪಲಿಯನ್ನೂ ಬಿಡದೆ ಕೋಚಿಂಗ್ ಕ್ಲಾಸಿನೊಳಗೆ ನುಗ್ಗಿದ್ದಳು. ಸೇನಾಧಿಕಾರಿ ಪರೀಕ್ಷೆಗೆ ಪಾಠ ಹೇಳುವ ಅವನು ಬೋರ್ಡ್ ಒರೆಸುವುದನ್ನು ನಿಲ್ಲಿಸಿದ. ಬೆಂಚುಗಳೆಲ್ಲ ಖಾಲಿ.

"ಯಾರು ಹೇಳಿದ್ರು?"

"ಅಕ್ಕನ ಮೊಬೈಲ್ ಹೇಳ್ತು! ಮನೇಲಿ ಟೈಮ್ ಇಟ್ಕೊಂಡು ನೀವು ಕೊಟ್ಟ ಅಭ್ಯಾಸದ ಹಾಳೇನೇ ಮಾಡಿದೆ. ಪರೀಕ್ಷೆ ಹಾಲ್‌ನಲ್ಲಿ ಬೆಲ್ ಹೊಡೆದಾಗ ಹನ್ನೊಂದು ಪ್ರಶ್ನೆ ಬಾಕಿ ಇತ್ತು. ನನಗೇ ಏನೋ ಆಗಿದೆ ಅಂತ ಒಂದು ವಾರ ಅತ್ತಿದ್ದೀನಿ."

"ನಿನ್ನ ಮುಖ ಬಾಡೋದು ನೋಡಕ್ಕಾಗ್ತಿರ್ಲಿಲ್ಲ."

"ಮುಖ ನೋಡೋಕೆ ಇಟ್ಕೊಂಡಿದ್ದೀರಾ ಕ್ಲಾಸು?"

ಅವಳು ಟೈಲರ್ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವಳು. ಮಡಿಚಿ ತೂತು ಹೊಡೆದ ಕಾಗದ ಬಿಚ್ಚಿದರೆ ಹೇಗೆ ಕಾಣುತ್ತದೆ ಎಂಬ ಪ್ರಶ್ನೆಗೆ ಪೆನ್ನು ಎತ್ತುವ ಮೊದಲೇ ಅವಳ ಬಳಿ ಉತ್ತರವಿರುತ್ತಿತ್ತು. ಆಗೆಲ್ಲ ಅವನು ಪಾಠ ಮರೆತು ಅವಳ ತುಟಿಯಂಚಿನ ನಗುವನ್ನೇ ನೋಡುತ್ತಿದ್ದ. ಐದು ನಿಮಿಷದಲ್ಲಿ ಅಂಕಿ ಹುಡುಕಬೇಕಾದ ಪಟ್ಟಿ ಬಂದರೆ ಮಾತ್ರ ಅವಳ ಕಣ್ಣು ಸಾಲು ತಪ್ಪುತ್ತಿತ್ತು.

"ಆ ಪರೀಕ್ಷೆ ನಿನ್ನ ಧೈರ್ಯ ಅಳೆಯಲ್ಲ, ಒಳ್ಳೇತನಾನೂ ಅಳೆಯಲ್ಲ," ಎಂದ. "ಪದ, ಲೆಕ್ಕ, ಆಕಾರ, ಕಣ್ಣಿನ ಚುರುಕು. ಅಷ್ಟೇ."

"ಆ ಚುರುಕೇ ನನಗಿಲ್ಲ! ಅದನ್ನ ಹೇಳ್ಬೇಕಾದವರು ನೀವು. ಹೇಳಿದ್ರೆ ತಿದ್ಕೋತಿದ್ದೆ. ಇನ್ನೊಂದೇ ಸಲ ಉಳಿದಿರೋದು, ಆಮೇಲೆ ವಯಸ್ಸು ದಾಟುತ್ತೆ. ಗೊತ್ತಲ್ವಾ?"

ಅವನು ತಲೆ ತಗ್ಗಿಸಿದ. "ಪಾಸಾದ್ರೆ ಹೋಗಿಬಿಡ್ತೀಯ, ಫೇಲಾದ್ರೆ ಅಳ್ತೀಯ. ಎರಡೂ ನನಗೆ ಬೇಡವಾಗಿತ್ತು. ಪ್ರೀತಿ ಅಂತ ಹೇಳೋಕೆ ಬಾಯಿ ಬರ್ಲಿಲ್ಲ. ಒಂದು ನಿಮಿಷ ಕೊಟ್ಟೆ."

ಅವಳ ಕಿವಿ ಬಿಸಿಯಾಯಿತು.

"ಇಂಥ ಪ್ರೀತಿಗಿಷ್ಟು ಬೆಂಕಿ ಹಾಕ! ಹೊಸ ಹಾಳೆ ತೆಗಿ. ಸರಿಯಾಗಿ ಐದು ನಿಮಿಷ."

ಸಿಟ್ಟಿನಲ್ಲಿ ಸರ್ ಎನ್ನುವುದೂ ಮರೆತಿತ್ತು. ಅವಳು ಬರೆದಳು. ಸಮಯ ಮುಗಿದ ಕೂಡಲೇ ಅವನು ಹಾಳೆ ಕಿತ್ತುಕೊಂಡ. ಒಂದೊಂದೇ ಉತ್ತರ ತಿದ್ದಿ ಅಂಕ ಕೂಡಿದ.

"ನಲವತ್ತಕ್ಕೆ ಹತ್ತೊಂಬತ್ತು. ಮೂವತ್ತಾದ್ರೂ ಬೇಕು." ಅವನು ಅವಳ ಮುಖವನ್ನೇ ನೋಡಿ ಹೇಳಿದ. "ಪ್ರತಿ ಅಂಕಿನೂ ಎರಡೆರಡು ಸಲ ನೋಡ್ತೀಯ, ಅದನ್ನ ಬಿಡ್ಬೇಕು. ದಿನಾ ಬೆಳಗ್ಗೆ ಅಂಗಡಿಗೆ ಮುಂಚೆ ಬಾ. ಪಾಸಾಗಿ... ಹೋಗು."

ಅವಳ ಮುಖ ಬಾಡಿತು. ಅವನು ಕಣ್ಣು ತಪ್ಪಿಸಲಿಲ್ಲ.

ಅವಳು ಅವನ ಕಾಲರ್ ಹಿಡಿದು ಹತ್ತಿರ ಎಳೆದಳು. ಮೂಗಿನ ತುದಿ ಇನ್ನೂ ಕೆಂಪಗಿತ್ತು.

"ಸಿಟ್ಟು ಇಳಿದಿಲ್ಲ, ಹೇಳಿರ್ತೀನಿ. ಆದ್ರೆ ಹೋದವಳು ರಜಕ್ಕೆ ಬರ್ತೀನಲ್ಲ, ಸ್ಟೇಷನ್ನಿಗೆ ನೀನೇ ಬರ್ಬೇಕು."