ಆರೈಕೆಗೆ ಸತ್ತ ಬ್ಯಾಟರಿ

ಸೆಲ್ಫ್ ಒತ್ತಿದರೆ 'ಟಿಕ್' ಅಂತ ಒಂದೇ ಸದ್ದು. ಆಮೇಲೆ ಮೌನ.

ಬಸವಕಿರಣ ಮತ್ತೊಮ್ಮೆ ಒತ್ತಲಿಲ್ಲ. ಬೇಸಿಗೆ ರಜೆಯುದ್ದಕ್ಕೂ ಕಲಬುರಗಿಯಲ್ಲಿದ್ದು, ಆವತ್ತು ಬೆಳಗ್ಗೆಯಷ್ಟೇ ಬೆಂಗಳೂರಿನ ಸಂಜಯನಗರದ ಬಾಡಿಗೆ ಕೋಣೆಗೆ ಮರಳಿದ್ದ. ನಿಂತ ಬೈಕಿನ ಬ್ಯಾಟರಿ ಸಾಯುವುದು ಸಹಜ. ಫಿಸಿಕ್ಸ್ ಲೆಕ್ಚರರ್‌ಗೆ ಅದು ಹೊಸದಲ್ಲ. ಆದರೆ ಬೈಕಿನ ಮೇಲೆ ಒಂಚೂರೂ ಧೂಳಿರಲಿಲ್ಲ.

"ಏನಾಯ್ತು?"

ಮನೆ ಮಾಲೀಕರ ಮಗಳು ರಾಧಾಮಣಿ ಮೆಟ್ಟಿಲ ಮೇಲೆ ನಿಂತಿದ್ದಳು. ಹೆಬ್ಬಾಳದ ವೆಟರ್ನರಿ ಕಾಲೇಜಿನ ಲೈಬ್ರರಿಯಲ್ಲಿ ಅವಳ ಕೆಲಸ. ಭಾನುವಾರವಾದ್ದರಿಂದ ತಲೆಗೆ ಎಣ್ಣೆ ಹಚ್ಚಿ, ಕೂದಲನ್ನು ಮೇಲೆ ಸುತ್ತಿ ಕ್ಲಿಪ್ ಹಾಕಿದ್ದಳು. ಕಿವಿಯ ಹಿಂದೆ ಎಣ್ಣೆಯ ಒಂದು ಹನಿ ಬಿಸಿಲಿಗೆ ಹೊಳೆಯುತ್ತಿತ್ತು. ಅದನ್ನು ನೋಡದಿರಲೆಂದೇ ಅವನು ಬೈಕಿನ ಕಡೆ ಬಗ್ಗಿದ.

"ಬ್ಯಾಟರಿ ಡೆಡ್ ಆಗ್ಯಾದ್ರಿ. ಚಾರ್ಜಿಗೆ ಹಾಕಬೇಕು."

"ಹಾಗಾದ್ರೆ ಇವತ್ತು ಎಲ್ಲೂ ಹೋಗಲ್ಲ."

"ಸಂಜೀತನಕ ಇಲ್ರಿ."

ಅವಳ ತುಟಿಯಲ್ಲಿ ನಗು ಬಂದು ಹೋಯಿತು. ಅವನಿಗೆ ಸಂಕಟವಾಯಿತು. ಕಲಬುರಗಿಯ ಕಾಲೇಜೊಂದು ಕೆಲಸಕ್ಕೆ ಕರೆದಿತ್ತು. ಒಪ್ಪಿಗೆಯೋ ಇಲ್ಲವೋ, ಇವತ್ತೇ ತಿಳಿಸಬೇಕು. ಹೋಗಲು ಕಾರಣಗಳು ಬೇಕಾದಷ್ಟಿದ್ದವು. ಉಳಿಯಲು ಇದ್ದ ಕಾರಣ ಅವಳೊಬ್ಬಳೇ. ಅವಳನ್ನು ಕೇಳುವ ಧೈರ್ಯ ಮಾತ್ರ ಮೂರು ವರ್ಷದಿಂದ ಬಂದಿರಲಿಲ್ಲ.

ಸೀಟು ತೆಗೆದು, ಮೊದಲು ಕಪ್ಪು ವೈರು, ಆಮೇಲೆ ಕೆಂಪು ವೈರು ಬಿಚ್ಚಿ, ಬ್ಯಾಟರಿಯನ್ನು ವರಾಂಡದಲ್ಲಿ ಗಾಳಿಯಾಡುವ ಕಡೆ ಇಟ್ಟ. ತನ್ನ ಪುಟ್ಟ ಚಾರ್ಜರ್ ಜೋಡಿಸಿದ.

"ಅಂಗಡಿಗೆ ಕೊಟ್ರೆ ಬೇಗ ಮಾಡ್ಕೊಡಲ್ವಾ?"

"ಕೊಡ್ತಾರ್ರಿ. ಅವಸರ ಮಾಡಿದ್ರ ಒಳಗ ಬಿಸಿ ಆಗ್ತದ. ಮೆಲ್ಲಕ ಆದ್ರ ಬಾಳ ದಿನ ಬರ್ತದ."

"ನೀವು ಎಲ್ಲದ್ರಲ್ಲೂ ಮೆಲ್ಲಗೇ ಬಿಡಿ," ಅಂದಳು, ತುಂಬಾ ಗಂಭೀರವಾಗಿ.

ಅಷ್ಟರಲ್ಲಿ ಅವಳ ತಾಯಿ ವೆಂಕಟಲಕ್ಷ್ಮಮ್ಮ ಕಾಫಿ ತಂದರು. "ಗಾಡಿ ಎಂಗೆ ಕೆಟ್ಟೋಯ್ತಪ್ಪ? ಇವ್ಳು ದಿನಾ ಬೆಳಗ್ಗೆ ಒರೆಸಿ ಸ್ಟಾರ್ಟ್ ಮಾಡ್ತಿದ್ಲಲ್ಲ?"

"ಅಮ್ಮಾ, ಹಾಲು ಉಕ್ಕುತ್ತೆ ನೋಡು."

"ಆಲು ಫ್ರಿಜ್ಜಲ್ಲೈತೆ," ಎನ್ನುತ್ತಾ ಅವರು ಒಳಗೆ ಹೋದರು.

ಊರಿಗೆ ಹೋಗುವಾಗ ಕೀ ಕೊಟ್ಟಿದ್ದು ಅವನೇ, ಜಾಗ ಬೇಕಾದರೆ ಗಾಡಿ ಸರಿಸಲಿ ಎಂದು.

"ಎಷ್ಟೊತ್ತು ಸ್ಟಾರ್ಟ್ ಇಡ್ತಿದ್ರಿ?"

"ಒಂದೇ ನಿಮಿಷ. ನಿಮ್ ಪೆಟ್ರೋಲ್ ಖಾಲಿ ಆಗ್ಬಾರ್ದಲ್ಲ."

ಅವನಿಗೆ ಎಲ್ಲ ತಿಳಿಯಿತು. ಸೆಲ್ಫ್ ಒತ್ತಿದಾಗಲೆಲ್ಲ ಬ್ಯಾಟರಿ ಕೊಟ್ಟಿದ್ದು ಹೆಚ್ಚು. ಆ ಒಂದು ನಿಮಿಷದಲ್ಲಿ ಎಂಜಿನ್ ಅದಕ್ಕೆ ಹಿಂತಿರುಗಿಸಿದ್ದು ಕಡಿಮೆ. ಸುಮ್ಮನೆ ಬಿಟ್ಟಿದ್ದರೆ ಬಹುಶಃ ಬದುಕಿರುತ್ತಿತ್ತು. ಮೆಲ್ಲಗೆ ಅವಳಿಗೆ ಹಾಗೆಂದು ಹೇಳಿದ.

ಅವಳ ಮುಖ ಬಾಡಿತು. "ಅಂದ್ರೆ ಕೊಂದಿದ್ದು ನಾನೇನಾ?"

"ವಾರಕ್ಕೊಮ್ಮೆ ಸಾಕಿತ್ತಲ್ರಿ. ದಿನಾ ಯಾಕ?"

ಅವಳು ಕ್ಲಿಪ್ ತೆಗೆದು ಮತ್ತೆ ಹಾಕಿಕೊಂಡಳು. "ನೀವು ಹೊರಡೋ ಟೈಮಿಗೆ ಆ ಸೌಂಡ್ ಕೇಳಿ ಕೇಳಿ ಅಭ್ಯಾಸ ಆಗ್ಬಿಟ್ಟಿದೆ. ಅದಿಲ್ದೆ ಬೆಳಗ್ಗೆ ಶುರುನೇ ಆಗ್ತಿರ್ಲಿಲ್ಲ. ಕೇಳ್ಕೊಂಡು, ಆಫ್ ಮಾಡಿ, ಬಸ್ಸಿಗೆ ಹೋಗ್ತಿದ್ದೆ."

ಅವನು ಅವಳ ಕಡೆ ತಿರುಗಿದ. ಇಷ್ಟು ಚೆಂದದ ತಪ್ಪನ್ನು ತನಗಾಗಿ ಯಾರೂ ಮಾಡಿರಲಿಲ್ಲ. ಯಾವ ದೇವರಿಗೆ ಕೈ ಮುಗಿಯಬೇಕೋ ತಿಳಿಯದೆ ಫೋನ್ ತೆಗೆದು ಕಲಬುರಗಿ ಕಾಲೇಜಿನ ಪ್ರಿನ್ಸಿಪಾಲರಿಗೆ ಕರೆ ಮಾಡಿದ.

"ನಮಸ್ಕಾರ ಸರ್, ಬಸವಕಿರಣ ಮಾತಾಡೋದು. ನನ್ನ ಮ್ಯಾಲ ನಂಬಿಕಿ ಇಟ್ಟು ಕರದ್ರಿ, ಬಾಳ ಉಪಕಾರ ಆತು. ಆದ್ರ ಬರಾಂಗಿಲ್ರಿ ಸರ್. ಇಲ್ಲೇ ಇರ್ತೀನಿ."

ರಾಧಾಮಣಿ ಹುಬ್ಬೇರಿಸಿದಳು. "ಏನದು?"

"ಊರಾಗ ಕೆಲಸ ಸಿಕ್ಕಿತ್ರಿ. ಬ್ಯಾಡ ಅಂದೆ."

"ನನ್ನ ಒಂದ್ ಮಾತೂ ಕೇಳ್ದೇನಾ?"

"ಈಗ ಕೇಳ್ತೀನ್ರಿ." ಅವನು ಫೋನ್ ಜೇಬಿಗಿಟ್ಟ. "ನಿಮ್ ಜೋಡಿ ಇರ್ಬೇಕಂತ ಆಸೆ ಅದ. ಬಾಡಿಗಿಗಲ್ಲ, ಕಾಯಂ."

ಅವಳು ತಲೆ ತಗ್ಗಿಸಲಿಲ್ಲ. ಕಣ್ಣು ತುಂಬಿಕೊಂಡೇ ನಕ್ಕಳು. "ಹೂಂ. ಆದ್ರೆ ಅಮ್ಮಂಗೆ ಹೇಳ್ಬೇಕು."

"ಕೇಳಿಸ್ತು," ಕಿಟಕಿಯಾಚೆಯಿಂದ ವೆಂಕಟಲಕ್ಷ್ಮಮ್ಮನ ದನಿ. "ನಿಮ್ಮಪ್ಪಂಗೆ ನಾನೇಳ್ತೀನಿ. ರೊಟ್ಟಿ ಆಕ್ತಾ ಇವ್ನಿ, ಇಬ್ರೂ ಒಳಗ್ ಬನ್ನಿ."

ಇಷ್ಟು ವರ್ಷ ವರಾಂಡ ದಾಟದಿದ್ದವನು ಚಪ್ಪಲಿ ಬಿಟ್ಟು, ಅವಳ ಹಿಂದೆ ಒಳಗೆ ನಡೆದ.