ಹೊಸ್ತಿಲಿಲ್ಲದ ದಾರಿ

"ಎಲ್ಲಿ ಬೇಕಾದ್ರೂ ಅಗಿ, ಈ ಕಲ್ಲಿನ ಬುಡಕ್ಕೆ ಮಾತ್ರ ಕೈ ಇಕ್ಕಬ್ಯಾಡ ಕಣಪ್ಪ," ಎಂದಳು ಮುನಿಯಮ್ಮ.

ಗೌರೀಶ್ ನಕ್ಕುಬಿಟ್ಟ. ಬೊಮ್ಮನಕುಂಟೆಯ ಗಡಿಕಲ್ಲಿನ ಮೇಲೆ ಮುದುಕಿ ಕಾಲು ಚಾಚಿ ಕೂತಿದ್ದಳು. ಬೆಳಗ್ಗೆ ಅವನು ಹಾಕಿಸಿದ್ದ ಸುಣ್ಣದ ಗೆರೆ ಸರಿಯಾಗಿ ಅವಳ ಪಾದದ ಕೆಳಗೇ ಹಾದಿತ್ತು. ಶಿರಾ ಪೇಟೆಯ ಕೊನೆಯ ಬೀದಿಯಿಂದ ಹೊರಟ ಗೆರೆ ಅದು. ಮದಲೂರು ರಸ್ತೆಯ ಕಡಲೆಕಾಯಿ ಹೊಲಗಳಲ್ಲಿ ಇನ್ನೂರು ಮನೆಗಳ ಬಡಾವಣೆ ಏಳುವುದಿತ್ತು, ಅಲ್ಲಿಯವರೆಗೆ ಪೇಟೆಯ ಒಳಚರಂಡಿಯನ್ನು ಎಳೆದು ತರುವುದು ಇಂಜಿನಿಯರ್ ಗೌರೀಶನ ಕೆಲಸ. ದಾವಣಗೆರೆಯಿಂದ ವರ್ಗವಾಗಿ ಬಂದು ಐದು ತಿಂಗಳಷ್ಟೇ ಆಗಿತ್ತು. ಮಾಟ, ಮಂತ್ರ, ಗಾಳಿ ಎಂದರೆ ಅವನಿಗೆ ಊಟದ ನಂತರದ ತಮಾಷೆ.

"ಕೆಳಗೆ ಏನಿದೆ ಅಜ್ಜಿ, ನಿಧಿನಾ?"

ಮುನಿಯಮ್ಮ ನಗಲಿಲ್ಲ. ಒಂದು ಕಾಲಕ್ಕೆ ಆ ಊರಿನ ಸೂಲಗಿತ್ತಿ ಅವಳು. "ಒಂದೇ ವರ್ಸದಾಗೆ ಏಳು ಕೂಸು ಈ ಕೈಗೆ ಬಂದ್ವು. ಒಂದೂ ಅಳಲಿಲ್ಲ. ಬಸುರಿಯರ ಮ್ಯಾಲೆ ಯಾರೋ ಮಾಟ ಮಾಡ್ಸಿದ್ರು. ಪಾವಗಡದ ಕಡೆಯಿಂದ ಮಂತ್ರಗಾರ ಬಂದು ಏಳನ್ನೂ ಗೊಂಬೆಗೆ ಇಳಿಸಿ ಮಡಕೇಲಿ ಕಟ್ಟಿ ಇಲ್ಲಿ ಹೂತ. ಸಾಯಿಸಕ್ಕೆ ಅವನ ಕೈಲೂ ಆಗಲಿಲ್ಲ. ಇನ್ನೂ ಹುಟ್ಟಬೇಕು ಅಂತ ಕಾಯ್ತಾ ಅವೆ. ಹೊಸಲು ದಾಟಕ್ಕೆ ಅವಕ್ಕಾಗಲ್ಲ."

ಬೊಮ್ಮನಕುಂಟೆಯ ಮನೆಗಳನ್ನು ಗೌರೀಶ್ ನೋಡಿದ್ದ. ಪ್ರತಿ ಹೊಸ್ತಿಲಿಗೂ ಬೆರಳು ದಪ್ಪ ಅರಿಸಿನ. ಯಾವ ಗೋಡೆಗೂ ಬಚ್ಚಲ ಕಿಂಡಿ ಇಲ್ಲ, ಸ್ನಾನ, ಪಾತ್ರೆ, ಬಟ್ಟೆ ಎಲ್ಲವೂ ಅಂಗಳದ ಆಚೆ. ತಿಳಿವಳಿಕೆ ಇಲ್ಲದ ಜನ ಎಂದುಕೊಂಡಿದ್ದ. ಈಗ ಕಾರಣ ತಿಳಿದು ಇನ್ನಷ್ಟು ನಗು ಬಂತು.

"ಪೈಪು ಸುತ್ತು ಹಾಕಿಸಿದರೆ ಇಳಿಜಾರು ಸಿಗಲ್ಲ ಅಜ್ಜಿ, ನೀರು ನಿಂತುಬಿಡುತ್ತೆ. ನಿಮ್ಮ ಮಡಕೆಯವಕ್ಕೂ ಇಳಿಜಾರು ಬೇಕಾ?"

"ಅವಕ್ಕೆ ಹೊಸಲಿಲ್ಲದ ದಾರಿ ಒಂದು ಬೇಕು. ಅದನ್ನೇ ನೀನು ತೋಡ್ತಿದ್ದೀಯ, ಮನೆಮನೆ ಬಚ್ಚಲಿಗೂ." ಅವಳು ಕೈಯಲ್ಲಿದ್ದ ಒಬ್ಬಟ್ಟನ್ನು ನೋಡಿದಳು. ಹಿಂದಿನ ದಿನ ಗೌರೀಶನ ಹೆಂಡತಿ ಮಾನಸಳ ಸೀಮಂತವಾಗಿತ್ತು, ಉಳಿದ ಒಬ್ಬಟ್ಟನ್ನು ಅವನೇ ತಂದು ಎಲ್ಲರಿಗೂ ಹಂಚಿದ್ದ. "ಬಸುರಿ ಇರೋ ಮನೆ ನಿಂದು," ಎಂದಷ್ಟೇ ಹೇಳಿ, ಒಬ್ಬಟ್ಟನ್ನು ಮುಟ್ಟದೆ ಕಲ್ಲಿನ ಮೇಲಿಟ್ಟು ಎದ್ದು ಹೋದಳು.

ಅದನ್ನೂ ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮಟಮಟ ಮಧ್ಯಾಹ್ನ ಜೆಸಿಬಿ ಕಲ್ಲನ್ನು ಕಿತ್ತು ಬದಿಗೆ ಉರುಳಿಸಿತು. ಎರಡನೇ ಬಾರಿ ಬಕೆಟ್ ಮಣ್ಣಿಗಿಳಿದಾಗ ಟಪ್ಪೆಂದು ಏನೋ ಒಡೆಯಿತು. ಸಣ್ಣ ಸದ್ದು. ಆದರೆ ಹೊಲದಲ್ಲಿ ಕಿರುಚುತ್ತಿದ್ದ ಹಕ್ಕಿಗಳು ಆ ಗಳಿಗೆಗೇ ಸುಮ್ಮನಾದವು. ಹಿಂದೆಯೇ ವಾಸನೆ ಬಂತು. ಬಜೆ, ಸಾಂಬ್ರಾಣಿ, ಬೆಚ್ಚಗಿನ ಹರಳೆಣ್ಣೆ, ಅದರಡಿಯಲ್ಲಿ ಹಸಿ ನೆತ್ತರು. ಬಾಗಿಲು ಮುಚ್ಚಿದ ಬಾಣಂತಿ ಕೋಣೆಯ ವಾಸನೆ, ಬಟ್ಟಬಯಲಲ್ಲಿ.

ಮೇಸ್ತ್ರಿ ಬೈರಪ್ಪ ಗುಂಡಿಗೆ ಬಗ್ಗಿ ನೋಡಿದ. ಕರಿ ಮಡಕೆಯ ಚೂರು, ಕೊಳೆತ ಕೆಂಪು ಬಟ್ಟೆ, ಒಂದು ತಾಮ್ರದ ತಗಡು. ತಗಡಿನ ಸುತ್ತ ಅಂಗೈಯಗಲದ ಬಟ್ಟೆ ಗೊಂಬೆಗಳು. ಒಂದಕ್ಕೂ ಬಾಯಿ ಇರಲಿಲ್ಲ.

"ಏಳು ಅವೆ ಸಾರ್," ಎಂದ ಬೈರಪ್ಪ. "ಇವತ್ತಿಗೆ ನಿಲ್ಸಿಬುಡಾನ. ಮುನಿಯಮ್ಮನ್ನ ಕರ್ಕಂಬತ್ತೀನಿ."

"ಮಳೆಗಾಲದೊಳಗೆ ಪೈಪು ಮುಗಿಸಬೇಕು ಬೈರಪ್ಪ. ಗೊಂಬೆಗೆ ರಜಾ ಕೊಡೋಕೆ ಆಗಲ್ಲ," ಎಂದು ಗೌರೀಶ್ ಬೂಟಿನ ತುದಿಯಿಂದ ಎಲ್ಲವನ್ನೂ ಪೈಪಿಗೆ ತೋಡಿದ ಕಾಲುವೆಗೆ ನೂಕಿದ. ಮೇಲೆ ಮರಳು ಹಾಸಿಸಿದ. ಮರಳಿನ ಮೇಲೆ ಪೈಪು ಕೂತಿತು.

ಕೆಲಸದವರು ಸಂಜೆ ನಿಂಬೆಹಣ್ಣು ಕೊಯ್ದು ನಾಲ್ಕು ದಿಕ್ಕಿಗೆ ಎಸೆದು ಮನೆಗೆ ಹೋದರು. ಅವನು ಅದಕ್ಕೂ ನಕ್ಕ. ಪಾಪ, ಅವನ ಕೊನೆಯ ನಗು ಅದೇ.

ಇಪ್ಪತ್ತು ದಿನದ ಮೇಲೆ ಪೈಪಿನ ಪರೀಕ್ಷೆ. ಅದು ಹಳೆಯ ಪದ್ಧತಿ. ಒಂದು ಚೇಂಬರಿನಲ್ಲಿ, ಅಂದರೆ ಮುಚ್ಚಳವಿರುವ ಗುಂಡಿಯಲ್ಲಿ, ಒಬ್ಬ ದೀಪ ಹಿಡಿಯಬೇಕು. ಮುಂದಿನ ಚೇಂಬರಿನಲ್ಲಿ ಇನ್ನೊಬ್ಬ ಪೈಪಿನ ಬಾಯಿಗೆ ಕನ್ನಡಿ ಹಿಡಿದು ನೋಡಬೇಕು. ಕನ್ನಡಿಯಲ್ಲಿ ಬೆಳಕು ಪೂರ್ತಿ ದುಂಡಗೆ ಕಂಡರೆ ಪೈಪು ನೆಟ್ಟಗಿದೆ, ಎಲ್ಲೂ ಕಸ ಕಟ್ಟಿಲ್ಲ ಎಂದರ್ಥ.

ಕೊನೆಯ ಚೇಂಬರಿಗೆ ಬರುವ ಹೊತ್ತಿಗೆ ಮಧ್ಯಾಹ್ನ ಹನ್ನೆರಡಾಗಿತ್ತು. ಅದು ಪೇಟೆಯ ಹಳೆಯ ಚರಂಡಿಯ ಕೊನೆ, ಗೌರೀಶ್ ಬಾಡಿಗೆಗಿದ್ದ ಮನೆಯ ಗೇಟಿನ ಮುಂದೆಯೇ ಇತ್ತು. ಒಂದು ಪಕ್ಕದಲ್ಲಿ ಹೊಸ ಪೈಪಿನ ಬಾಯಿ, ಇನ್ನೊಂದು ಪಕ್ಕದಲ್ಲಿ ಅವನ ಮನೆಯ ಬಚ್ಚಲಿನಿಂದ ಬರುವ ಸಣ್ಣ ಪೈಪು. ಅವನು ಇಳಿದು ಕೂತು ಕನ್ನಡಿ ಹಿಡಿದ. ಮೇಲಿನ ಚೇಂಬರಿನಲ್ಲಿ ಬೈರಪ್ಪ ಟಾರ್ಚ್ ಹಾಕಿದ.

ಬೆಳಕು ದುಂಡಗೆ ಕಂಡಿತು. ಗೌರೀಶ್‌ಗೆ ಖುಷಿಯಾಯಿತು. ಆಮೇಲೆ ದುಂಡಿನ ಕೆಳ ಅಂಚಿನಲ್ಲಿ ಒಂದು ಕರಿ ಚುಕ್ಕೆ ಎದ್ದಿತು.

ಫೋನ್ ಮಾಡಿದ. "ಬೈರಪ್ಪ, ಕೈ ಅಡ್ಡ ಬಂದಿದೆ, ತೆಗೀರಿ."

"ಕೈ ಇಲ್ಲ ಸಾರ್. ಟಾರ್ಚ್ ಗುಂಡಿ ಒಳಗೆ ಕಟ್ಟೆ ಮ್ಯಾಲೆ ಇಟ್ಟು ನಾನು ಹೊರಗೆ ನಿಂತೀನಿ."

ಚುಕ್ಕೆ ದೊಡ್ಡದಾಯಿತು. ಅದಕ್ಕೆ ತಲೆಯಿತ್ತು. ಎರಡು ಗೇಣಿನ ಮೈ, ಮೊಣಕೈ ಊರಿಕೊಂಡು ಬರುತ್ತಿತ್ತು, ಅಂಬೆಗಾಲಿಡಲು ಇನ್ನೂ ಬಾರದ ಕೂಸಿನ ಹಾಗೆ. ಒಣ ಪೈಪಿನೊಳಗೆ ಚರ್ಮ ಉಜ್ಜುವ ಸದ್ದು. ನಿಲ್ಲುತ್ತಿತ್ತು. ಮತ್ತೆ ಉಜ್ಜುತ್ತಿತ್ತು. ಆ ಬಾಣಂತಿ ವಾಸನೆ ಮುಖಕ್ಕೆ ಬಡಿಯಿತು. ಕನ್ನಡಿಯ ಮೇಲೆ ಆವಿ ಕಟ್ಟಿತು, ಯಾರೋ ಹತ್ತಿರದಿಂದ ಉಸಿರು ಬಿಟ್ಟಂತೆ. ಅವನು ಕನ್ನಡಿ ಬಿಟ್ಟು ಮೇಲಕ್ಕೆ ಹಾರಿದ. ಮುಚ್ಚಳ ಎಳೆದ. ಹೆಗ್ಗಣ, ಹೆಗ್ಗಣ ಎಂದು ತನಗೆ ತಾನೇ ಹತ್ತು ಸಲ ಹೇಳಿಕೊಂಡ.

ಮನೆಯೊಳಗೆ ಹೋದರೆ ಮಾನಸ ಸೋಫಾದ ಮೇಲೆ ಹೊಟ್ಟೆ ಹಿಡಿದು ಕೂತಿದ್ದಳು.

"ಬಚ್ಚಲಲ್ಲಿ ಏನೋ ಉಸಿರಾಡಿದ ಹಾಗೆ ಆಯ್ತು ರೀ. ಆಗಿನಿಂದ ಮಗು ಒದೀತಿಲ್ಲ."

ಮದುವೆಯಾದ ಎಂಟು ವರ್ಷಕ್ಕೆ ನಿಂತ ಬಸುರು ಅದು. ಕಾರಿನಲ್ಲಿ ಕೂರಿಸಿಕೊಂಡು ನರ್ಸಿಂಗ್ ಹೋಮಿಗೆ ಓಡಿದ. ಸ್ಕ್ಯಾನ್ ಮಾಡಿದ ಡಾಕ್ಟರ್ ತೆರೆಯನ್ನು ಬಹಳ ಹೊತ್ತು ನೋಡಿದರು. "ಒಂದೇ ಮಗು, ಬೆಳವಣಿಗೆ ಚೆನ್ನಾಗಿದೆ. ಎದೆಬಡಿತ ಸ್ವಲ್ಪ ನಿಧಾನ, ಗಾಬರಿಯಾಗುವಷ್ಟಲ್ಲ. ಮನೇಲಿ ಮಲಗಲಿ, ಬೆಳಗ್ಗೆ ಮತ್ತೆ ನೋಡೋಣ," ಎಂದರು.

ಅವಳನ್ನು ಮನೆಗೆ ಬಿಟ್ಟವನೇ ಗೌರೀಶ್ ನೇರ ಬೊಮ್ಮನಕುಂಟೆಗೆ ಹೋದ. ಬೈರಪ್ಪನನ್ನೂ ಕೂರಿಸಿಕೊಂಡಿದ್ದ. ಮುನಿಯಮ್ಮನ ಅಂಗಳದಲ್ಲಿ ಕೈ ಮುಗಿದು ನಿಂತ. ಇಂಜಿನಿಯರ್ ಎಂಬ ಬಿಗುಮಾನ ಎಲ್ಲಿ ಹೋಗಿತ್ತೋ.

"ತಪ್ಪಾಯ್ತು ಅಜ್ಜಿ. ನನ್ನ ಮಗು ಉಳಿಸಿಕೊಡಿ."

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಸುಮ್ಮನೆ ಮೂಲೆಯ ಹಾರೆಯನ್ನು ಬೈರಪ್ಪನ ಕೈಗೆ ಕೊಟ್ಟು, "ನನ್ನ ಹೊಸಲು ಕೀಳು," ಎಂದಳು.

"ನಿಮ್ಮ ಮನೆ ಗತಿ?" ಎಂದ ಬೈರಪ್ಪ.

"ಏಳು ಕೂಸು ತೊಳೆದು ಮಣ್ಣಿಗೆ ಕೊಟ್ಟೀನಿ. ಎಂಟನೇದು ಬ್ಯಾಡ. ಕೀಳು."

ಐವತ್ತು ವರ್ಷದ ಅರಿಸಿನ ಕುಡಿದು ಹೊಂಬಣ್ಣಕ್ಕೆ ತಿರುಗಿದ್ದ ಹೊನ್ನೆ ಮರದ ಹೊಸ್ತಿಲು ಕಿರುಗುಟ್ಟಿ ಮೇಲೆದ್ದಿತು. ಮುನಿಯಮ್ಮ ಗೌರೀಶನ ರಟ್ಟೆ ಹಿಡಿದಳು.

"ಅವಕ್ಕೂ ನಿನ್ನ ಮನೆಗೂ ಮಧ್ಯೆ ಇದನ್ನ ಅಡ್ಡ ಕೂರಿಸು. ಇಕ್ಕೋದಕ್ಕೆ ಮುಂಚೆ ಎಣಿಸು. ಏಳೂ ಆಚೆಗೇ ಅವೆ ಅಂತ ನೋಡ್ಕ. ಹೊಸಲು ಎರಡು ಕಡೀಗೂ ಹೊಸಲೇ ಕಣಪ್ಪ. ಒಳಗಿರೋದನ್ನ ಆಚೆಗೂ ಬುಡಲ್ಲ."

"ಎಣಿಸ್ತೀನಿ," ಎಂದ.

ಹೊತ್ತು ಮುಳುಗುತ್ತಿತ್ತು. ಚೇಂಬರಿನ ಮುಚ್ಚಳ ಎತ್ತಿದಾಗ ವಾಸನೆ ಬುಗ್ಗೆಂದು ಎದ್ದಿತು. ಬೈರಪ್ಪ ಮೇಲೆ ನಿಂತ, ಇಳಿಯಲಾರೆ ಎಂದು ಕೈ ಮುಗಿದ. ಗೌರೀಶ್ ಹೊಸ್ತಿಲನ್ನು ಹಿಡಿದು ಒಬ್ಬನೇ ಇಳಿದ. ಎದೆಯುದ್ದದ ಗುಂಡಿ. ಗೋಡೆ ತಣ್ಣಗಿತ್ತು, ಬೆವರಿತ್ತು. ಬಿದ್ದಿದ್ದ ಕನ್ನಡಿಯನ್ನು ಒರೆಸಿ ಹೊಸ ಪೈಪಿನ ಬಾಯಿಗೆ ಹಿಡಿದ. ಫೋನಿನ ಬೆಳಕು ಹಾಕಿದ.

ಕತ್ತಲು. ಕತ್ತಲೊಳಗೆ ಉಜ್ಜುವ ಸದ್ದು. ಹತ್ತು ಅಡಿ ದೂರ. ಒಂದು ತಲೆ. ಅದರ ಹಿಂದೆ ಇನ್ನೊಂದು. ಕಣ್ಣಿಲ್ಲ, ಬಾಯಿಲ್ಲ. ಮೂರು. ನಾಲ್ಕು. ಹತ್ತಿರ ಬಂದವು. ಐದು. ಅವು ಅವಸರದಲ್ಲಿದ್ದವು. ಒಂದರ ಮೇಲೊಂದು ಹತ್ತುತ್ತಿದ್ದವು. ಆರು.

ಇನ್ನೂ ಒಂದು. ಎಲ್ಲಿ? ಹಿಂದೆ ಇರಬೇಕು. ಕತ್ತಲಲ್ಲಿ ಇರಬೇಕು. ಮೊದಲನೆಯದು ಪೈಪಿನ ಅಂಚಿಗೆ ಬಂದಿತ್ತು. ಪುಟ್ಟ ಬೆರಳು ಅವನ ಹೆಬ್ಬೆರಳನ್ನು ಹಿಡಿಯಿತು. ಮಂಜಿನಷ್ಟು ತಣ್ಣಗೆ. ಹಿಡಿತ ಬಿಗಿಯಾಯಿತು. ಎಣಿಕೆ ಮರೆತುಹೋಯಿತು. ಕೈ ಕಿತ್ತುಕೊಂಡ. ಉಗುರು ಕಿತ್ತು ಬಂತು. ಹೊಸ್ತಿಲನ್ನು ಎತ್ತಿ ಪೈಪಿನ ಬಾಯಿಗೆ ಒತ್ತಿದ. ಭುಜ ಕೊಟ್ಟು ಒತ್ತಿದ. "ಸಿಮೆಂಟ್, ಸಿಮೆಂಟ್," ಎಂದ. ಬೈರಪ್ಪ ಕಲಸಿಟ್ಟಿದ್ದ ಬಾಣಲೆಯನ್ನು ಇಳಿಸಿದ. ಬರಿಗೈಯಲ್ಲಿ ಬಾಚಿ ಬಾಚಿ ಮೆತ್ತಿದ.

ಸದ್ದು ನಿಂತಿತು.

ಮೇಲೆ ಬಂದು ರಸ್ತೆಯ ಮೇಲೇ ಕೂತುಬಿಟ್ಟ. ರಕ್ತ ಸುರಿಯುತ್ತಿದ್ದ ಬೆರಳನ್ನು ಬೈರಪ್ಪ ಟವೆಲ್ಲಿನಲ್ಲಿ ಸುತ್ತಿದ. ಒಂದು ಉಗುರಷ್ಟೇ ಹೋಯಿತು ಎಂದು ಗೌರೀಶ್‌ಗೆ ಅಳು ಬರುವಷ್ಟು ಸಮಾಧಾನವಾಯಿತು. ಅಷ್ಟರಲ್ಲಿ ಮನೆಯ ಬಾಗಿಲು ತೆರೆಯಿತು. ಮಾನಸ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಮುಖದ ತುಂಬ ನಗು.

"ರೀ, ಮಗು ಒದೀತಿದೆ. ಮೊದಲಿಗಿಂತ ಜೋರಾಗಿ."

"ಅಬ್ಬ," ಎಂದು ಅವನು ಎದ್ದ. ದೇವರು ದೊಡ್ಡವನು ಎನ್ನಲು ಹೊರಟಿದ್ದ.

"ಎರಡೂ ಕಡೆಯಿಂದ ಒದೀತಿದೆ ರೀ. ಇಲ್ಲೊಂದು, ಇಲ್ಲೊಂದು. ಡಾಕ್ಟರ್ ಸರಿಯಾಗಿ ನೋಡಲಿಲ್ಲ ಅನ್ಸುತ್ತೆ. ಅವಳಿ ಇರಬೇಕು."

ಗೌರೀಶ್ ನಿಂತಲ್ಲೇ ನಿಂತ. ಕನ್ನಡಿಯ ಮೇಲೆ ಆವಿ ಕಟ್ಟಿದ್ದು ನೆನಪಾಯಿತು. ಮಧ್ಯಾಹ್ನ ಹನ್ನೆರಡು ಗಂಟೆಗೆ ಅವನು ಕನ್ನಡಿ ಬಿಟ್ಟು ಹಾರಿದಾಗ, ಒಂದು ಅಷ್ಟು ಹತ್ತಿರಕ್ಕೆ ಬಂದಿತ್ತು. ಎದುರಿಗೇ ಅವನ ಬಚ್ಚಲ ಪೈಪು ಬಾಯಿ ತೆರೆದಿತ್ತು.

"ಇಲ್ಲಿ ಬಾ," ಎಂದ. ಮತ್ತೆ ಹೇಳಿದ. "ಮಾನಸ, ಹೊರಗೆ ಬಾ. ನನ್ನ ಹತ್ತಿರ ಬಾ."

ಅವಳು ಕಾಲೆತ್ತಿದಳು. ಶುಕ್ರವಾರ ಅವಳೇ ಅರಿಸಿನ ಹಚ್ಚಿ ರಂಗೋಲಿ ಎಳೆದ ಹೊಸ್ತಿಲು. ಕಾಲು ಅದರ ಮೇಲೆ ಬಂದು ನಿಂತಿತು. ಮುಂದೆ ಹೋಗಲಿಲ್ಲ. ನಗು ನಿಧಾನವಾಗಿ ಮುಖದಿಂದ ಇಳಿಯಿತು.

"ದಾಟೋಕೆ ಆಗ್ತಿಲ್ಲ ರೀ. ಒಳಗಿಂದ ಏನೋ ಎಳೀತಿದೆ."

ಬೈರಪ್ಪ ಹಾರೆಯನ್ನು ತಂದು ಅವನ ಕೈಗಿಟ್ಟ. ಸಿಮೆಂಟ್ ಇನ್ನೂ ಹಸಿ. ಒಂದೇ ಮೀಟು ಸಾಕು, ಅಡ್ಡ ಇಟ್ಟ ಮುನಿಯಮ್ಮನ ಹೊಸ್ತಿಲು ಎದ್ದು ಬರುತ್ತದೆ. ಒಳಗಿರುವ ಒಂದು, ಬಂದ ದಾರಿಯಲ್ಲೇ ಹೋದರೂ ಹೋಗಬಹುದು, ಇಲ್ಲವೇ ಉಳಿದ ಆರೂ ಒಳಗೆ ಬರಬಹುದು. ತೆರೆದ ಗುಂಡಿಯಿಂದ ಸದ್ದು ಮತ್ತೆ ಶುರುವಾಗಿತ್ತು. ಆರು ಜೊತೆ ಪುಟ್ಟ ಕೈಗಳು ಮರವನ್ನು ಮೆಲ್ಲಗೆ ಕೆರೆಯುತ್ತಿದ್ದವು, ತೆಗೆಯುತ್ತಾನೆ ಎಂದು ಅವಕ್ಕೆ ಗೊತ್ತಿದ್ದ ಹಾಗೆ.

"ರೀ, ಬೇಗ ಬನ್ನಿ," ಎಂದಳು ಮಾನಸ ಬಾಗಿಲಿನಿಂದ.

ಗೌರೀಶ್ ಹಾರೆ ಹಿಡಿದು ಗೇಟಿಗೂ ಗುಂಡಿಗೂ ನಡುವೆ ನಿಂತಿದ್ದ. ಸಿಮೆಂಟ್ ಗಟ್ಟಿಯಾಗುತ್ತಾ ಬಂತು.